ಹಳೆಯ ವೇಗದ ಕಾರಿನ ‘ಫಿಟ್‌ನೆಸ್’ ದಿನಾಂಕವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸಂಪಾದಕರಿಗೆ,

ಮಾನ್ಯರೇ,

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು ಈಗ ಮೊದಲು ಮಾಡುವ ಕೆಲಸವೆಂದರೆ ಮೊಬೈಲಿನ ಎಂ-ಪರಿವಾಹನ್ ಆ್ಯಪ್‌ನಲ್ಲಿ ಆ ಕಾರಿನ ನಂಬರು ಹಾಕಿ ನೋಡುವುದು. ಎಷ್ಟನೆಯ ಮಾಲೀಕರು, ವಿಮೆ ಎಲ್ಲಿಯವರೆಗಿದೆ, ಹೊಗೆ ತಪಾಸಣೆಯ ಅವಧಿ ಯಾವಾಗ ಮುಗಿಯುತ್ತದೆ ಎಂಬ ವಿವರಗಳ ನಡುವೆ ‘ಫಿಟ್‌ನೆಸ್’ ಎಂಬ ಸಾಲೂ ಅಲ್ಲಿರುತ್ತದೆ. 2016ರ ಮಾರ್ಚ್‌ನಲ್ಲಿ ನೋಂದಣಿಯಾದ ಖಾಸಗಿ ಕಾರಾದರೆ ಆ ಸಾಲಿನಲ್ಲಿ 2031ರ ಮಾರ್ಚ್ ಎಂದು ಕಾಣುತ್ತದೆ. ಕಾರು ಮಾರುವ ಬ್ರೋಕರ್ ಈ ದಿನಾಂಕದ ಮೇಲೆ ಬೆರಳಿಟ್ಟು ತೋರಿಸುತ್ತಾನೆ; ಕೊಳ್ಳುವವನು ಸರಕಾರವೇ ಕಾರನ್ನು ನೋಡಿ, ಇನ್ನೂ ಅಷ್ಟು ವರ್ಷ ಓಡಬಹುದೆಂದು ಒಪ್ಪಿಗೆ ಕೊಟ್ಟಿದೆ ಎಂದು ತಿಳಿದು ಮುಂಗಡ ಕೊಟ್ಟು ಬರುತ್ತಾನೆ. ವಾಸ್ತವದಲ್ಲಿ ಆ ದಿನಾಂಕ ತಪಾಸಣೆಯಿಂದ ಬಂದದ್ದೇ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಕಾರು ಶೋರೂಮಿನಿಂದ ಹೊರಬಿದ್ದ ವಾರದಲ್ಲೇ ಲೆಕ್ಕ ಹಾಕಿ ಇಟ್ಟ ದಿನಾಂಕ ಅದು. ಮಗು ಹುಟ್ಟಿದ ದಿನ ಬರೆಸಿದ ಜಾತಕವನ್ನು ತೋರಿಸಿ, ಹುಡುಗನ ಆರೋಗ್ಯ ಈಗಲೂ ಚೆನ್ನಾಗಿದೆ ಎಂದು ಸಂಬಂಧ ಕುದುರಿಸಿದ ಹಾಗಾಯಿತು ಈ ವ್ಯವಹಾರ.

ನಾನು ತಾಂತ್ರಿಕ ತರಬೇತಿ ಸಂಸ್ಥೆಯೊಂದರಲ್ಲಿ ಆಟೊಮೊಬೈಲ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಊರಿನವರು ಹಳೆಯ ಕಾರು ಕೊಳ್ಳುವಾಗ ಒಮ್ಮೆ ನೋಡಿ ಹೇಳಿ ಎಂದು ಕರೆಯುವುದರಿಂದ, ಈ ವಿಷಯದಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಯುವಕರು ಯಾವ ಕಾಗದವನ್ನು ನಂಬುತ್ತಾರೆ, ಆ ಕಾಗದ ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಸಾಧಾರಣ ಕುಟುಂಬದ ಕಾರಿನ ಮಟ್ಟಿಗೆ ಈ ಅಂತರ ಹೆಚ್ಚೆಂದರೆ ದುಡ್ಡಿನ ನಷ್ಟ. ವೇಗಕ್ಕೆಂದೇ ತಯಾರಾದ, ಅಥವಾ ಕೊಂಡ ಮೇಲೆ ವೇಗ ಹೆಚ್ಚಿಸಿಕೊಂಡ ಕಾರಿನ ಮಟ್ಟಿಗೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ ಈ ಪತ್ರ.

ಇಂಥ ಕಾರುಗಳು ಈಗ ನಮ್ಮಲ್ಲಿ ಅಪರೂಪವಲ್ಲ. ಹೊಸದಾಗಿ ಕೊಳ್ಳುವಾಗ ಕೈಗೆಟುಕದಿದ್ದ ಆಕ್ಟೇವಿಯಾ ವಿಆರ್‌ಎಸ್, ಪುಂಟೊ ಅಬಾರ್ಥ್, ಪೋಲೊ ಜಿಟಿ ಟಿಎಸ್‌ಐ ಮೊದಲಾದವು ಕೆಲವು ವರ್ಷ ಕಳೆದು ಎರಡನೆಯ, ಮೂರನೆಯ ಕೈಗೆ ಬರುವಾಗ ಗಲ್ಫಿನಿಂದ ರಜೆಗೆ ಬಂದ ಯುವಕನಿಗೂ, ಮಂಗಳೂರಿನಲ್ಲಿ ಕೆಲಸಕ್ಕಿರುವವನಿಗೂ ಎಟುಕುವ ಬೆಲೆಗೆ ಇಳಿದಿರುತ್ತವೆ. 2017ರಲ್ಲಿ ಬಂದ ವಿಆರ್‌ಎಸ್ 230 ಅಶ್ವಶಕ್ತಿಯದು. ಅಬಾರ್ಥ್ ಪುಂಟೊ 145ರದು. ಬೆಂಗಳೂರಿನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು, ರಾಜ್ಯದ ಗಡಿಯಾದ ತಲಪಾಡಿ ದಾಟಿ ಬರುವ ಕಾರುಗಳಂತೂ ಇವೆಯೇ ಇವೆ. 10 ವರ್ಷ ದಾಟಿದ ಡೀಸೆಲ್ ಹಾಗೂ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ದಿಲ್ಲಿಯಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿಯ ಕಾರುಗಳೂ ದಕ್ಷಿಣಕ್ಕೆ ಇಳಿಯತೊಡಗಿದವು. ಇತ್ತ ನಮ್ಮ ರಾಷ್ಟ್ರೀಯ ಹೆದ್ದಾರಿ 66 ಷಟ್ಪಥವಾಗುತ್ತಿದೆ. ಕೇರಳ ಸರಕಾರ 2023ರಲ್ಲಿ ಷಟ್ಪಥ ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿಯನ್ನು ಗಂಟೆಗೆ 110 ಕಿಲೋಮೀಟರಿಗೆ ಏರಿಸಿದೆ. ಉಪ್ಪಳ, ಕುಂಬಳೆಗಳ ಹಳೆಯ ಇಕ್ಕಟ್ಟು ರಸ್ತೆಯಲ್ಲಿ ಎಂಥ ಕಾರಿದ್ದರೂ ಲಾರಿಯ ಹಿಂದೆಯೇ ಹೋಗಬೇಕಾಗಿತ್ತು, ಈಗ ಹಾಗಿಲ್ಲ.

ನಮ್ಮ ಕಾನೂನಿನ ವಿಚಿತ್ರವನ್ನು ಇಲ್ಲಿ ಗಮನಿಸಬೇಕು. ಕಾಸರಗೋಡು ಹಳೆಯ ಬಸ್‌ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಲ್ಲುವ ಆಟೋರಿಕ್ಷಾ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಫಿಟ್‌ನೆಸ್ ತಪಾಸಣೆಗೆ ಹೋಗಲೇಬೇಕು. ಹಿಂದಿನ ದಿನ ಪೈಂಟ್ ಹಚ್ಚಿ, ಸೀಟು ಹೊಲಿಸಿ, ಒಂದು ದಿನದ ದುಡಿಮೆ ಬಿಟ್ಟು ಬ್ರೇಕ್ ಇನ್ಸ್‌ಪೆಕ್ಟರರ ಎದುರು ಸಾಲಿನಲ್ಲಿ ನಿಲ್ಲುವ ಆ ಚಾಲಕನ ಪಕ್ಕದಲ್ಲೇ 200 ಅಶ್ವಶಕ್ತಿ ಮೀರಿದ ಖಾಸಗಿ ಕಾರು, 15 ವರ್ಷ ತುಂಬುವವರೆಗೆ ಯಾರಿಗೂ ತನ್ನ ಬ್ರೇಕ್ ತೋರಿಸದೆ ಓಡಬಹುದು. ಹದಿನೈದು ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಇನ್ಸ್‌ಪೆಕ್ಟರರು ಕಾರನ್ನು ನೋಡುತ್ತಾರೆ. ಅದಕ್ಕೆ ಮೊದಲು ಬೇರೆ ರಾಜ್ಯದಿಂದ ಬಂದ ಕಾರಿಗೆ ಕೆಎಲ್ ನಂಬರು ಪಡೆಯುವಾಗ ಒಮ್ಮೆ ಕಾರನ್ನು ಕಚೇರಿಗೆ ಒಯ್ಯಬೇಕಾಗುತ್ತದೆ ನಿಜ. ಆದರೆ ಅಲ್ಲಿ ಮುಖ್ಯವಾಗಿ ನಡೆಯುವುದು ಗುರುತಿನ ಪರಿಶೀಲನೆ. ಚೇಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಆರ್‌ಸಿಯ ಅಂಕಿಗೆ ಹೊಂದಿದರೆ ಕಾರು ಕದ್ದದ್ದಲ್ಲ ಎಂದು ತಿಳಿಯುತ್ತದೆ. ಅದರ ಬ್ರೇಕ್ ಹಿಡಿಯುತ್ತದೋ ಎಂಬುದು ಬೇರೆ ಪ್ರಶ್ನೆ. ಒಂದೇ ರಾಜ್ಯದೊಳಗೆ ಹೆಸರು ಬದಲಾಯಿಸುವಾಗಲಂತೂ ಕಾರನ್ನು ಯಂತ್ರಕ್ಕೆ ಏರಿಸಿ ನೋಡುವ ಕ್ರಮವಿಲ್ಲ.

ಹಾಗಾದರೆ ಎಲ್ಲ ಕಾರುಗಳಿಗೂ ವರ್ಷಕ್ಕೊಂದು ತಪಾಸಣೆ ಕಡ್ಡಾಯ ಮಾಡಿದರೆ ಮುಗಿಯಿತಲ್ಲವೇ ಎಂದು ಕೇಳುವವರಿದ್ದಾರೆ. ಆ ಪದ್ಧತಿ ಬಹುಕಾಲದಿಂದ ಇರುವ ಬ್ರಿಟನ್ನಿನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಅಲ್ಲಿ ಎಂಒಟಿ ಎಂದು ಕರೆಯುವ ತಪಾಸಣೆ 1960ರಲ್ಲಿ ಆರಂಭವಾಯಿತು. ಮೊದಲು ಹತ್ತು ವರ್ಷ ದಾಟಿದ ಕಾರುಗಳಿಗೆ ಇದ್ದದ್ದು 1967ರ ಹೊತ್ತಿಗೆ ಮೂರು ವರ್ಷ ದಾಟಿದ ಕಾರುಗಳಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಪ್ರತಿವರ್ಷ ತಪಾಸಣೆ. ಆದರೆ ಆ ಸರಕಾರವೇ ಸ್ಪಷ್ಟವಾಗಿ ಹೇಳುವಂತೆ ಈ ತಪಾಸಣೆಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್‌ಗಳ ಸ್ಥಿತಿಯನ್ನು ನೋಡುವುದಿಲ್ಲ. ತಪಾಸಕ ಯಾವ ಭಾಗವನ್ನೂ ಬಿಚ್ಚಿ ನೋಡುವುದಿಲ್ಲ. ಪ್ರಮಾಣಪತ್ರ ಹೇಳುವುದು ಆ ದಿನ, ಆ ಹೊತ್ತಿಗೆ, ಕಾರು ಕನಿಷ್ಠ ಮಟ್ಟಕ್ಕೆ ಹೊಂದಿತ್ತು ಎಂದಷ್ಟೆ. ಹಳೆಯ ವೇಗದ ಕಾರು ಕೊಳ್ಳುವವನಿಗೆ ಹೆಚ್ಚು ಖರ್ಚು ತರುವ ಭಾಗಗಳೆಂದರೆ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ), ಕ್ಲಚ್, ಗೇರ್‌ಬಾಕ್ಸ್‌ಗಳೇ ಆಗಿರುವಾಗ, ಎಂಒಟಿ ಪಾಸಾಗಿದೆ ಎಂಬ ಮಾತು ಅಲ್ಲಿಯೂ ಪೂರ್ತಿ ಭರವಸೆಯಲ್ಲ.

ಅದೇ ಬ್ರಿಟನ್ನಿನಲ್ಲಿ ನಾವು ನಿಜವಾಗಿ ಕಲಿಯಬೇಕಾದದ್ದು ತಪಾಸಣೆಗಿಂತ ತಪಾಸಣೆಯ ದಾಖಲೆಯನ್ನು. ನಂಬರು ಹಾಕಿದರೆ ಯಾರು ಬೇಕಾದರೂ ಉಚಿತವಾಗಿ ಆ ಕಾರಿನ ಹಿಂದಿನ ತಪಾಸಣೆಗಳ ಫಲಿತಾಂಶ ಓದಬಹುದು. ಪ್ರತಿ ಸಲ ಮೀಟರಿನಲ್ಲಿ ಎಷ್ಟು ಮೈಲಿ ಇತ್ತು, ಯಾವ ಕಾರಣಕ್ಕೆ ಫೇಲಾಯಿತು, ಪಾಸಾದರೂ ಯಾವ ಭಾಗದ ಮೇಲೆ ಕಣ್ಣಿಡಬೇಕೆಂದು ತಪಾಸಕ ಬರೆದ ಎಂಬುದೆಲ್ಲ ಅಲ್ಲಿರುತ್ತದೆ. 2018ರ ಮೇ ತಿಂಗಳಿನಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ವಿಂಗಡಿಸಿ ಬರೆಯುತ್ತಾರೆ. ವರ್ಷ ವರ್ಷವೂ ಮುಂದಿನ ಟೈರಿನ ಒಳಅಂಚು ಸವೆದಿದೆ ಎಂಬ ಟಿಪ್ಪಣಿ ಮರುಕಳಿಸಿದ್ದರೆ, ಟೈರು ಬದಲಾಯಿಸಿದರೂ ಚಕ್ರಗಳ ನೇರ (ಅಲೈನ್‌ಮೆಂಟ್) ನಿಲ್ಲುತ್ತಿಲ್ಲ, ಎಲ್ಲೋ ಪೆಟ್ಟು ತಿಂದ ಕಾರಿದು ಎಂದು ಅನುಭವಿಗಳು ಮನೆಯಲ್ಲೇ ಕುಳಿತು ಊಹಿಸಬಲ್ಲರು. ಒಂದು ದಿನದ ಪಾಸು ಹೇಳದಿದ್ದನ್ನು ಹತ್ತು ವರ್ಷದ ಸಾಲು ಹೇಳುತ್ತದೆ. ಅಲ್ಲಿಯೂ ತಪಾಸಣೆಯ ದಿನಕ್ಕೆ ಮಾತ್ರ ಕಂಪನಿಯ ಸೈಲೆನ್ಸರ್ ಸಿಕ್ಕಿಸಿ, ಮರುದಿನ ಸದ್ದಿನ ಸೈಲೆನ್ಸರ್ ಹಾಕುವವರು ಇಲ್ಲವೆಂದಲ್ಲ.

ನಮ್ಮಲ್ಲಿ ಖಾಸಗಿ ಕಾರಿನ ಬಗ್ಗೆ ಅಂಥ ಸಾಲು ಇಲ್ಲ. ಇರುವುದು ಹೊಗೆ ತಪಾಸಣೆಯ ಒಂದು ಕಾಗದ. ಪೆಟ್ರೋಲ್ ಕಾರಿನಲ್ಲಿ ಕಾರು ನಿಂತಲ್ಲೇ ಇದ್ದು ಎಂಜಿನ್ ಹೊರೆಯಿಲ್ಲದೆ ಓಡುತ್ತಿರುವಾಗ ಸೈಲೆನ್ಸರಿಗೆ ನಳಿಗೆ ತೂರಿಸಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತಾರೆ. ವೇಗಪ್ರಿಯರು ಮಾಡಿಸುವ ರೀಮ್ಯಾಪ್ ಎಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ಬದಲಾಯಿಸಿ, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ಟರ್ಬೊ ಹೆಚ್ಚು ಗಾಳಿ ತಳ್ಳುವಂತೆ ಮಾಡುವುದು. ಬದಲಾವಣೆ ಇರುವುದೆಲ್ಲ ಪೂರ್ತಿ ಒತ್ತಿದಾಗ. ಅಳತೆ ನಡೆಯುವುದು ಪೂರ್ತಿ ಒತ್ತದೆ ಇದ್ದಾಗ. ಹೀಗಾಗಿ ಕಂಪನಿ ಕೊಟ್ಟ ಶಕ್ತಿಯ ಮೇಲೆ ಇನ್ನಷ್ಟು ಏರಿಸಿದ ಕಾರೂ ಆ ಪರೀಕ್ಷೆಯಲ್ಲಿ ಯಾವ ತಕರಾರೂ ಇಲ್ಲದೆ ಪಾಸಾಗಬಲ್ಲದು. ಹೊಗೆ ತಪಾಸಣೆ ವಾಯುಮಾಲಿನ್ಯಕ್ಕೆ ಸಂಬಂಧಿಸಿದ್ದೇ ಹೊರತು ಕಾರಿನ ಯೋಗ್ಯತೆಗಲ್ಲ. ಅದರ ತಪ್ಪು ಏನೂ ಇಲ್ಲ, ಅದನ್ನು ಫಿಟ್‌ನೆಸ್ಸಿನ ಸಾಕ್ಷಿಯಾಗಿ ತೋರಿಸುವವರದ್ದು ತಪ್ಪು.

ಬ್ರೇಕಿನ ವಿಷಯ ಇನ್ನೂ ಗಂಭೀರ. ವಾಹನ ತಪಾಸಣಾ ಕೇಂದ್ರಗಳಲ್ಲಿ ಬ್ರೇಕ್ ನೋಡುವ ಯಂತ್ರವೆಂದರೆ ನೆಲದಲ್ಲಿ ಹುದುಗಿಸಿದ ಎರಡು ಜೊತೆ ಉರುಳೆಗಳು. ಕಾರಿನ ಎರಡು ಚಕ್ರಗಳನ್ನು ಅದರ ಮೇಲೆ ನಿಲ್ಲಿಸಿ, ಮನುಷ್ಯ ನಡೆಯುವಷ್ಟು ವೇಗದಲ್ಲಿ ಉರುಳೆ ತಿರುಗಿಸಿ, ಪೆಡಲ್ ಒತ್ತಿದಾಗ ಎಡಗಾಲಿ ಎಷ್ಟು ಹಿಡಿಯಿತು, ಬಲಗಾಲಿ ಎಷ್ಟು ಹಿಡಿಯಿತು ಎಂದು ಅಳೆಯಲಾಗುತ್ತದೆ. ಎಡಬಲಗಳ ವ್ಯತ್ಯಾಸ, ಸಿಕ್ಕಿಕೊಂಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ಎಣ್ಣೆ ತಾಗಿದ ಪ್ಯಾಡ್ ಇವನ್ನೆಲ್ಲ ಅದು ಚೆನ್ನಾಗಿಯೇ ಹಿಡಿಯುತ್ತದೆ. ಹಿಡಿಯದೆ ಬಿಡುವುದು ಬಿಸಿಯನ್ನು. ವೇಗ ಎರಡರಷ್ಟಾದರೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದು ಹೈಸ್ಕೂಲಿನ ಪಾಠ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಜಾಲ್ಸೂರು, ಮುಳ್ಳೇರಿಯಾ ದಾರಿಯಾಗಿ ಚೆರ್ಕಳಕ್ಕೆ ಬರುವವರು ಒಂದಾದ ಮೇಲೊಂದು ತಿರುವಿನಲ್ಲಿ ಬ್ರೇಕ್ ಒತ್ತುತ್ತ ಬರುವಾಗ ಡಿಸ್ಕ್ ಕೆಂಡದಂತೆ ಕಾದಿರುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 4 ದರ್ಜೆಯ ಎಣ್ಣೆ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ ಮಾತ್ರ. ಕುದಿದ ಎಣ್ಣೆಯಲ್ಲಿ ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಿಡದೆ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಈ ಎಣ್ಣೆಯನ್ನು ಕಾರು ಮಾರುವವರೆಗೂ ಬದಲಾಯಿಸದವರೇ ಹೆಚ್ಚು. ಉರುಳೆಯ ಮೇಲೆ ತಣ್ಣಗೆ ನಿಂತ ಕಾರಿನಲ್ಲಿ ಇದು ಯಾವುದೂ ಕಾಣದು.

ನಾಲ್ಕು ಚಕ್ರಗಳಿಗೂ ಸದಾ ಎಂಜಿನ್ನಿನ ಎಳೆತ ಇರುವ ಕಾರುಗಳನ್ನು ಸಾಧಾರಣ ಉರುಳೆಗಳ ಮೇಲೆ ಏರಿಸುವುದೇ ಸರಿಯಲ್ಲ. ಅವನ್ನು ರಸ್ತೆಯಲ್ಲಿ ಓಡಿಸಿ ಬೇರೆ ಉಪಕರಣದಿಂದ ಅಳೆಯಬೇಕು. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರು ಕೆಲವೊಮ್ಮೆ ತಪಾಸಣೆಯ ಕಟ್ಟೆಯನ್ನೇ ಏರದು. ಸಸ್ಪೆನ್ಷನ್ ಅಳೆಯುವ ಯಂತ್ರದಲ್ಲಿ ಟೈರಿನ ಗಾಳಿ ಹೆಚ್ಚು ಕಡಿಮೆಯಾದರೂ ಅಂಕಿ ಬದಲಾಗುತ್ತದೆ. ಅಂದರೆ ಪಾಸಾಗಬಾರದ್ದು ಪಾಸಾಗುವಂತೆಯೇ, ಸರಿಯಾಗಿರುವ ಕಾರು ಫೇಲಾಗುವ ಸಾಧ್ಯತೆಯೂ ಇಲ್ಲಿ ಉಂಟು. ಆದ್ದರಿಂದಲೇ ಪಾಸು, ಫೇಲು ಎಂಬ ಒಂದು ಮಾತಿಗಿಂತ ಯಂತ್ರ ತೋರಿಸಿದ ಅಂಕಿಗಳೇ ಕೊಳ್ಳುವವನಿಗೆ ಮುಖ್ಯ ಎಂದು ನಾನು ಹೇಳುವುದು. ಮುಂದಿನ ಎರಡು ಚಕ್ರಗಳ ಬ್ರೇಕಿನಲ್ಲಿ ಇಷ್ಟು ವ್ಯತ್ಯಾಸವಿತ್ತು ಎಂದು ಬರೆದುಕೊಟ್ಟರೆ ಮೆಕ್ಯಾನಿಕ್ ಉಳಿದದ್ದನ್ನು ಹೇಳಬಲ್ಲ.

ನಮ್ಮ ನೆರೆಮನೆಯ ಹುಡುಗ ಕಳೆದ ಮಳೆಗಾಲಕ್ಕೆ ಮೊದಲು ಬೆಂಗಳೂರಿನಿಂದ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ತಂದಿದ್ದ. ಕಾರಿನ ಜೊತೆ ಮಾರಾಟಗಾರ ಕೊಟ್ಟ, ಪುಟಗಟ್ಟಲೆ ಟಿಕ್ ಗುರುತುಗಳಿದ್ದ ತಪಾಸಣಾ ವರದಿಯೊಂದಿತ್ತು. ಅದರಲ್ಲಿ ಆಶ್‌ಟ್ರೇಗೂ ಸ್ಟೀರಿಂಗ್ ರ‍್ಯಾಕಿಗೂ ಒಂದೇ ಗಾತ್ರದ ಟಿಕ್. “ಮಾಷ್ಟ್ರೆ, ಫಿಟ್‌ನೆಸ್ ಇನ್ನೂ ಐದಾರು ವರ್ಷ ಉಂಟು, ಮತ್ತೆ ಎಂತ ನೋಡ್ಲಿಕ್ಕುಂಟು?” ಎಂಬುದು ಅವನ ಪ್ರಶ್ನೆ. ಬದಿಯಡ್ಕದ ಒಂದು ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟಿಗೆ ಏರಿಸಿ ನೋಡಿದೆವು. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಅಂಡರ್‌ಕೋಟ್ ಹೊಡೆದಿದ್ದರು. ಬಲಬದಿಯ ಜಾಕಿ ಇಡುವ ಜಾಗದಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಆ ಕಪ್ಪು ಪದರ ಒಳಗೆ ಕುಸಿಯಿತು, ಅಡಿಯ ತಗಡು ತುಕ್ಕು ತಿಂದಿತ್ತು. ಟೈರುಗಳ ಮೇಲ್ಮೈಯ ಗುಂಡಿ (ಟ್ರೆಡ್) ಆಳವಾಗಿಯೇ ಇತ್ತು, ಕಾನೂನು ಕೇಳುವ 1.6 ಮಿಲಿಮೀಟರಿಗಿಂತ ಎಷ್ಟೋ ಹೆಚ್ಚು. ಆದರೆ ಹಿಂದಿನ ಟೈರಿನ ಬದಿಯಲ್ಲಿ ತಯಾರಿಯ ವಾರ ಹಾಗೂ ವರ್ಷವನ್ನು ಹೇಳುವ ನಾಲ್ಕಂಕಿ 2316 ಎಂದಿತ್ತು, ಅಂದರೆ 2016ರ 23ನೇ ವಾರದ್ದು. ಗುಂಡಿಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಎದ್ದಿದ್ದವು. ಮುಂದಿನ ಜೊತೆ ಹೊಸದು, ಅಗ್ಗದ್ದು. ಅದರ ವೇಗದ ದರ್ಜೆ ಎಚ್, ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗಿನದು, ಹಿಂದಿನದು 270ರ ಡಬ್ಲ್ಯು. ಮುಂದೆ ಒಂದು, ಹಿಂದೆ ಇನ್ನೊಂದು ಹಿಡಿತವಿರುವ ಕಾರು ಒದ್ದೆ ರಸ್ತೆಯ ತಿರುವಿನಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಯಾವ ಪ್ರಮಾಣಪತ್ರದಲ್ಲಿಯೂ ಬರೆದಿರುವುದಿಲ್ಲ.

ಎಂಜಿನ್ನಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರನ್ನು ಗ್ಯಾರೇಜಿನವರು ಸಿಕ್ಕಿಸಿದಾಗ ದೋಷಸಂಕೇತ ಒಂದೂ ಕಾಣಲಿಲ್ಲ. ಹುಡುಗನ ಮುಖ ಅರಳಿತು. ಆದರೆ ಎಂಜಿನ್ನಿನ ಕಂಪ್ಯೂಟರ್ ತನ್ನ ಭಾಗಗಳನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂದು ಹೇಳುವ ರೆಡಿನೆಸ್ ಮಾನಿಟರುಗಳು ಹೆಚ್ಚಿನವು ಅಪೂರ್ಣ ಎಂದು ತೋರಿಸಿದವು. ಯಾರೋ ಸ್ವಲ್ಪ ಹಿಂದೆಯಷ್ಟೇ ಸಂಕೇತಗಳನ್ನು ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿ ಹಾಕಿದ್ದಾರೆ ಎಂದು ಇದರ ಅರ್ಥ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಒಬಿಡಿ-2 ವ್ಯವಸ್ಥೆ ಕಾರುಗಳಿಗೆ ಕಡ್ಡಾಯವಾಗಿರುವುದರಿಂದ ಆ ನಂತರದ ಯಾವ ಕಾರಿನಲ್ಲಾದರೂ ಈ ಪರೀಕ್ಷೆ ಕೆಲವೇ ನಿಮಿಷದ ಕೆಲಸ. ಕೆಲವು ಕಂಪನಿಗಳ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರಿಗೆ ಎಷ್ಟು ಬಾರಿ ಹೊಸ ಸಾಫ್ಟ್‌ವೇರ್ ಬರೆದಿದ್ದಾರೆ ಎಂಬ ಎಣಿಕೆಯೂ ಉಳಿದಿರುತ್ತದೆ. ಇನ್ನು ಕೆಲವದರಲ್ಲಿ ಓಡಿದ ಕಿಲೋಮೀಟರು ಡ್ಯಾಶ್‌ಬೋರ್ಡಿನಲ್ಲಲ್ಲದೆ ಬೇರೆ ಘಟಕಗಳಲ್ಲೂ ದಾಖಲಾಗಿರುವುದರಿಂದ ಮೀಟರ್ ತಿರುಗಿಸಿದವನು ಅಲ್ಲಿ ಸಿಕ್ಕಿಬೀಳುತ್ತಾನೆ. ಇಷ್ಟು ಸುಲಭವಾಗಿ ಕಾಣುವ ಸಂಗತಿಯನ್ನು ನಮ್ಮ ನೋಂದಣಿ ವ್ಯವಸ್ಥೆ ಎಲ್ಲಿಯೂ ಕೇಳುವುದಿಲ್ಲ ಎಂಬುದು ನನಗೆ ಅರ್ಥವಾಗದ ವಿಷಯ.

ರೀಮ್ಯಾಪ್ ಮಾಡಿಸಿದ್ದನ್ನು ಮಾರುವವರು ಮುಚ್ಚಿಡುವುದಕ್ಕೆ ಕಾನೂನೂ ಒಂದು ಕಾರಣ. ಕಾಯ್ದೆಯ 52ನೇ ವಿಧಿಯ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳ ಹೈಕೋರ್ಟಿನಿಂದ ಮೇಲ್ಮನವಿಯಾಗಿ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. 2019ರ ತಿದ್ದುಪಡಿಯ ನಂತರ ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸವಿದೆ. ಜರ್ಮನಿಯಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಒಪ್ಪಿಗೆ ಪಡೆದ ಬಿಡಿಭಾಗ ಹಾಕಿ, ತಪಾಸಕರಿಗೆ ತೋರಿಸಿ, ವಾಹನದ ಕಾಗದದಲ್ಲೇ ನಮೂದಿಸಿಕೊಳ್ಳುವ ದಾರಿ ಇದೆ. ಹಾಗೆ ಮಾಡಿದವನಿಗೆ ಮುಚ್ಚಿಡುವ ಅಗತ್ಯವೇ ಬೀಳದು, ಕೊಳ್ಳುವವನಿಗೂ ಕಾರಿನಲ್ಲಿ ಏನೇನು ಬದಲಾಗಿದೆ ಎಂದು ತಿಳಿಯುತ್ತದೆ. ನಮ್ಮಲ್ಲಿ ಮಾರುವ ಮುಂಚೆ ಎಲ್ಲವನ್ನೂ ಕಳಚಿ, ಹಳೆಯ ಸಾಫ್ಟ್‌ವೇರ್ ತುಂಬಿ, ‘ಕಂಪನಿ ಕಂಡೀಷನ್’ ಎಂದು ಮಾರುತ್ತಾರೆ. ಆದರೆ ಹೆಚ್ಚಿನ ಒತ್ತಡದಲ್ಲಿ ಓಡಿದ ಕ್ಲಚ್ಚು, ಟರ್ಬೊಗಳು ಹೊಸದಾಗಿ ಬಿಡುವುದಿಲ್ಲವಲ್ಲ. ಉದಾಹರಣೆಗೆ, ಪೋಲೊ ಜಿಟಿಯಲ್ಲಿದ್ದಂಥ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸ್ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ)ವರೆಗೆ ತಡೆಯುವಂತೆ ತಯಾರಾದದ್ದು. ಆ ಮಿತಿಯ ಹತ್ತಿರ ವರ್ಷಗಟ್ಟಲೆ ಓಡಿಸಿದ ಕಾರಿಗೂ, ಮನೆಯಿಂದ ಶಾಲೆಗೆ ಮಕ್ಕಳನ್ನು ಬಿಡುತ್ತಿದ್ದ ಕಾರಿಗೂ ಆರ್‌ಸಿಯಲ್ಲಿ ಏನೂ ವ್ಯತ್ಯಾಸವಿಲ್ಲ. ಬೇರೆಯವರ ಜೀವಕ್ಕೆ ಎರವಾಗುವ ಮಾರ್ಪಾಟುಗಳನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲವನ್ನೂ ಅಪರಾಧವೆಂದು ಹೇಳಿ ಏನನ್ನೂ ಪರೀಕ್ಷಿಸದಿರುವುದರಿಂದ ನಡೆದಿರುವುದು ಮುಚ್ಚುಮರೆ ಮಾತ್ರ.

ನೆರೆ ನೀರಿನಲ್ಲಿ ಮುಳುಗಿದ ಕಾರುಗಳ ಕತೆಯೂ ಇಂಥದೇ. 2015ರ ಚೆನ್ನೈ ಪ್ರವಾಹ, 2018ರ ಕೇರಳದ ಮಹಾಪ್ರವಾಹಗಳ ನಂತರ ವಿಮಾ ಕಂಪನಿಗಳು ಪೂರ್ತಿ ನಷ್ಟವೆಂದು ಬರೆದು ಹಾಕಿದ ಕಾರುಗಳೆಲ್ಲ ಗುಜರಿಗೆ ಹೋದವೆಂದು ತಿಳಿಯುವುದು ಭ್ರಮೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಮೂಸಿ ನೋಡಿದರೆ ಎಷ್ಟೋ ವರ್ಷದ ಹಿಂದಿನ ಕೆಸರು ಇಂದಿಗೂ ವಾಸನೆ ಕೊಡುತ್ತದೆ. ಹಿಂದಿನ ಮಾಲೀಕನ ವಿಮಾ ಪತ್ರದಲ್ಲಿ ಕ್ಲೇಮ್ ಇಲ್ಲದ್ದಕ್ಕೆ ಕೊಡುವ ರಿಯಾಯಿತಿ ಎಷ್ಟಿದೆ ಎಂದೂ ನೋಡಬೇಕು. ಅದು ವರ್ಷ ಕಳೆದಂತೆ 20ರಿಂದ 50 ಶೇಕಡದವರೆಗೆ ಏರುವಂಥದು. ಒಬ್ಬನೇ ಮಾಲೀಕನ ಆರು ವರ್ಷದ ಕಾರಿಗೆ ಅದು ಶೂನ್ಯವಾಗಿದ್ದರೆ, ಅಪಘಾತವೇ ಆಗಿಲ್ಲ ಎಂಬ ಮಾತಿಗೆ ವಿವರಣೆ ಕೇಳುವ ಹಕ್ಕು ಕೊಳ್ಳುವವನಿಗಿದೆ.

ಕೇಂದ್ರ ಸರಕಾರ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆನ್ನಲಾರೆ. 2021ರ ಸೆಪ್ಟೆಂಬರ್‌ನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ನಿಯಮಗಳು ಬಂದವು. ಅಲ್ಲಿ ಯಂತ್ರದ ಅಂಕಿಗಳು ಮನುಷ್ಯರ ಕೈ ಸೋಕದೆ ನೇರ ಕಂಪ್ಯೂಟರಿಗೆ ಹೋಗಬೇಕೆಂಬುದು ಉದ್ದೇಶ. ಹಳೆಯ ವಾಹನ ಮಾರುವ ಡೀಲರುಗಳಿಗೆ ಅಧಿಕಾರಪತ್ರ ಕಡ್ಡಾಯ ಮಾಡುವ, ವಾಹನ ಅವರ ವಶದಲ್ಲಿರುವಾಗ ಎಲ್ಲಿಗೆ, ಯಾಕೆ, ಎಷ್ಟು ದೂರ ಓಡಿತೆಂಬ ದಾಖಲೆ ಇಡಬೇಕೆನ್ನುವ ನಿಯಮ 2022ರ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ನಿಯಮವೇನೋ ಒಳ್ಳೆಯದೇ. ಆದರೆ ನಮ್ಮಲ್ಲಿ ಹಳೆಯ ಕಾರಿನ ವ್ಯಾಪಾರ ಬಹುಪಾಲು ನಡೆಯುವುದು ಡೀಲರಿನ ಅಂಗಡಿಯಲ್ಲಲ್ಲ, ಪರಿಚಯದವನ ಪರಿಚಯದವನ ಮೂಲಕ. ಕಮಿಷನ್ ಪಡೆಯುವ ಬ್ರೋಕರಿನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಡೀಲರಿನಿಂದ ಕೊಂಡವನು ಗ್ರಾಹಕ ಆಯೋಗಕ್ಕಾದರೂ ಹೋಗಬಹುದು, ಅದೂ ತಾನು ವಾಸವಾಗಿರುವ ಜಿಲ್ಲೆಯಲ್ಲೇ. ಪರವೂರಿನ ಖಾಸಗಿ ವ್ಯಕ್ತಿಯಿಂದ ಕೊಂಡವನಿಗೆ ಆ ದಾರಿಯೂ ಸುಲಭವಲ್ಲ.

ಆದ್ದರಿಂದ ನನ್ನ ಬೇಡಿಕೆ ಎಲ್ಲ ಕಾರುಗಳನ್ನೂ ವರ್ಷಕ್ಕೊಮ್ಮೆ ಸಾಲು ನಿಲ್ಲಿಸಬೇಕೆಂಬುದಲ್ಲ. ಹತ್ತು ವರ್ಷದ ಆಲ್ಟೊದಲ್ಲಿ ಅಡಿಕೆ ಮಾರಿ ಬರುವ ಕೃಷಿಕನ ಒಂದು ದಿನವನ್ನು ಕಸಿದು ಸಾಧಿಸುವುದೇನೂ ಇಲ್ಲ. ಸಾಲು ಉದ್ದವಾದಷ್ಟು ಏಜೆಂಟರಿಗೆ ಸುಗ್ಗಿ ಎಂಬುದು ಆರ್‌ಟಿಒ ಕಚೇರಿಯ ಅಂಗಳ ಕಂಡವರಿಗೆಲ್ಲ ಗೊತ್ತು. ತಪಾಸಣೆಯೇ ನಡೆಯದ ಖಾಸಗಿ ಕಾರಿನ ಮುಂದೆ ಫಿಟ್‌ನೆಸ್ ಎಂಬ ಮಾತನ್ನು ಸರಕಾರಿ ಆ್ಯಪ್ ಬಳಸದಿರಲಿ. ನೋಂದಣಿಯ ಅವಧಿ ಎಂದಷ್ಟೇ ಬರೆಯಲಿ, ಕೊನೆಯ ತಪಾಸಣೆ ಯಾವಾಗ ಎಂಬುದನ್ನು ಬೇರೆ ಸಾಲಿನಲ್ಲಿ ತೋರಿಸಲಿ. ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ, ಯಂತ್ರವೂ ಬೇಕಾಗಿಲ್ಲ. ಹೊಗೆ ತಪಾಸಣೆಗೆ ಕಾರು ಹೇಗೂ ಬರುತ್ತದೆ. ಆಗೆಲ್ಲ ಮೀಟರಿನ ಕಿಲೋಮೀಟರು ದಾಖಲಾಗಿ, ಮುಂದೆ ಕೊಳ್ಳುವವನಿಗೆ ದಿನಾಂಕ ಸಮೇತ ಸಾಲಾಗಿ ಕಾಣುವಂತಿದ್ದರೆ ಮೀಟರ್ ತಿರುಗಿಸುವ ದಂಧೆ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ.

ಯಂತ್ರದ ತಪಾಸಣೆ ಬೇಕಾಗುವುದು ಕಾರು ಕೈ ಬದಲಾಗುವಾಗ, ಅದರಲ್ಲೂ ರಾಜ್ಯದ ಗಡಿ ದಾಟಿ ಬರುವಾಗ. ಎಂಜಿನ್ನಿನ ಶಕ್ತಿ ಒಂದು ಮಿತಿ ಮೀರಿದ, ಐದು ವರ್ಷ ದಾಟಿದ ಕಾರಿಗಾದರೂ ಹೊಸ ನಂಬರು ಕೊಡುವ ಮೊದಲು ಬ್ರೇಕ್, ಸಸ್ಪೆನ್ಷನ್, ಟೈರಿನ ವಯಸ್ಸು, ಒಬಿಡಿಯ ಸ್ಥಿತಿ ಇಷ್ಟನ್ನು ನೋಡಿ, ಅಂಕಿಗಳ ಸಮೇತ ಹಾಳೆಯನ್ನು ಕೊಳ್ಳುವವನ ಕೈಗೆ ಕೊಡಬೇಕು. ಪಾಸು ಫೇಲಿನ ಮುದ್ರೆಗಿಂತ ಆ ಹಾಳೆಗೆ ಬೆಲೆ ಹೆಚ್ಚು. ಉಳಿದ ಕಾರುಗಳ ಮಟ್ಟಿಗೆ ಇದು ಕಡ್ಡಾಯವಾಗದಿರಲಿ. ಬೇಕೆನ್ನುವವನು ಶುಲ್ಕ ಕಟ್ಟಿ ಮಾಡಿಸಿಕೊಳ್ಳುವ ಅವಕಾಶ ಇರಲಿ. ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವವನು ಸಾವಿರ ರೂಪಾಯಿ ಕೊಟ್ಟು ಅದರ ಬ್ರೇಕ್ ತೋರಿಸಲು ಹಿಂದೆ ಸರಿಯಲಾರ. ಮುಂಗಡ ಕೊಡುವ ಮೊದಲೇ ಇದು ಸಾಧ್ಯವಾಗಬೇಕಾದರೆ, ಮಾರುವವನ ಒಪ್ಪಿಗೆ ಪತ್ರವೊಂದಿದ್ದರೆ ಬೇರೆ ರಾಜ್ಯದ ನಂಬರಿನ ಕಾರನ್ನೂ ಪರೀಕ್ಷಿಸುವ ವ್ಯವಸ್ಥೆ ಗಡಿ ಜಿಲ್ಲೆಯಾದ ನಮ್ಮಲ್ಲಿ ಅಗತ್ಯ. ಕೆಎ-19ರ ಕಾರು ಮಂಜೇಶ್ವರದಲ್ಲಿ ದಿನನಿತ್ಯ ಓಡುವಾಗ, ಅದನ್ನು ಪರೀಕ್ಷೆಗೆ ಮಾತ್ರ ತಲಪಾಡಿಯಾಚೆ ಒಯ್ಯಿರಿ ಎನ್ನುವುದು ಯಾರಿಗೂ ಅನುಕೂಲವಲ್ಲ. ಹಾಗೆಯೇ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕೊಡುವ ತಪಾಸಣೆಯ ಹಾಳೆ ಕನ್ನಡದಲ್ಲಿಯೂ ಇರಬೇಕು; ಬ್ರೇಕಿನಲ್ಲಿ ದೋಷವಿದೆ ಎಂಬುದನ್ನು ಓದಿ ಹೇಳಲು ಇನ್ನೊಬ್ಬರನ್ನು ಹುಡುಕುವಂತಾಗಬಾರದು.

ಜಿಲ್ಲೆಯ ಸಾರಿಗೆ ಅಧಿಕಾರಿಗಳೂ ಜನಪ್ರತಿನಿಧಿಗಳೂ ಈ ವಿಷಯವನ್ನು ಇಲಾಖೆಯ ಗಮನಕ್ಕೆ ತರಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಅಲ್ಲಿಯವರೆಗೆ ಇಂಥ ಕಾರು ಕೊಳ್ಳುವವರು ಗ್ಯಾರೇಜಿನಲ್ಲಿ ಅರ್ಧ ದಿನ ಕಳೆದು, ಲಿಫ್ಟಿಗೆ ಏರಿಸಿ, ಸ್ಕ್ಯಾನರ್ ಸಿಕ್ಕಿಸಿ ನೋಡಿದ ಮೇಲೆಯೇ ಹಣ ಕೊಡುವುದು ಒಳ್ಳೆಯದು. ಲಿಫ್ಟಿಗೆ ಏರಿಸಲು ಒಪ್ಪದ ಮಾರಾಟಗಾರನೊಡನೆ ಬೆಲೆಯ ಮಾತು ಆಡುವ ಅಗತ್ಯವಿಲ್ಲ.

ಇತಿ,
ನಿವೃತ್ತ ಆಟೊಮೊಬೈಲ್ ಬೋಧಕ,
ನೀರ್ಚಾಲು, ಕಾಸರಗೋಡು ಜಿಲ್ಲೆ